ಕಲ್ಲು ಸರಿಸದ ಸರ್ವೇಯರ್

ಶಿರಹಟ್ಟಿಯ ನಮ್ಮ ಸರ್ವೇ ಕಚೇರಿಗೆ ಹೊಸಬರು ಯಾರೇ ಬರಲಿ, ಮೊದಲ ವಾರದಲ್ಲೇ ಅವರಿಗೊಂದು ಕಥೆ ಹೇಳುತ್ತಾರೆ. ವಿಡಿಯೋ ಗೇಮಿನಲ್ಲಿ ಕೂಡ ಕಲ್ಲು ಸರಿಸಲು ಒಪ್ಪದ ಸರ್ವೇಯರ್ ಒಬ್ಬರಿದ್ದರು ಎಂಬ ಕಥೆ. ಹೇಳುವವರು ನಗುತ್ತಾರೆ, ಕೇಳುವವರು ನಗುತ್ತಾರೆ, ಕೊನೆಗೆ 'ಅಂಥಾ ಮಂದಿ ಈಗೆಲ್ಲಿ ಅದಾರ' ಎಂದು ಚಹಾ ತರಿಸುತ್ತಾರೆ. ಆ ಕಥೆಯನ್ನು ಹಬ್ಬಿಸಿದವಳು ನಾನೇ. ಅದರಲ್ಲಿ ಅರ್ಧ ಮಾತ್ರ ನಿಜ. ಆ ಸರ್ವೇಯರ್, ನಮ್ಮ ಸಾಹೇಬರು, ತೀರಿಕೊಂಡು ವರ್ಷವಾಯಿತು, ಉಳಿದರ್ಧ ಹೇಳಿದರೆ ಈಗ ಬೈಯಲಾರರು. ಬೈದರೂ ನಾನು ಹೇಳುವವಳೇ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಅವರನ್ನು ಯಾರೂ ಕರೆದದ್ದೂ ಇಲ್ಲ. ನಾನು ಕೆಲಸಕ್ಕೆ ಸೇರಿದಾಗ ನನ್ನನ್ನು ಅವರ ಕೈಕೆಳಗೆ ಹಾಕಿದರು. ಹೆಣ್ಣುಮಗಳೊಬ್ಬಳು ಎರೆಹೊಲದಲ್ಲಿ ಅಳತೆ ಮಾಡುತ್ತ ತಿರುಗುವುದನ್ನು ನೋಡಲಿಕ್ಕೆ ಆಗ ನಮ್ಮ ಕಡೆ ಜನ ಸೇರುತ್ತಿದ್ದರು. ಸಾಹೇಬರು ಮಾತ್ರ ನನ್ನನ್ನು ನೋಡಲೇ ಇಲ್ಲ, ನನ್ನ ಕಾಲಲ್ಲಿದ್ದ ಚಪ್ಪಲಿ ನೋಡಿದರು. 'ನಾಳೆಯಿಂದ ಬೂಟು ಹಾಕ್ಕೊಂಡು ಬಾ, ತಂಗಿ. ಜಾಲಿಮುಳ್ಳಿಗೆ ಗಂಡು ಹೆಣ್ಣು ಗೊತ್ತಾಗಂಗಿಲ್ಲ' ಅಂದರು. ನನಗೆ ಸಿಕ್ಕ ಸ್ವಾಗತ ಅಷ್ಟೇ, ಮತ್ತು ಅದು ಸಾಕಾಗಿತ್ತು.

ಮೊದಲ ಕೆಲಸ ಸೊರಟೂರಿನಲ್ಲಿ. ಉತ್ಸಾಹದಲ್ಲಿ ನಾನು ಇಳಿದವಳೇ ಟೇಪು ಬಿಚ್ಚಿದೆ.

"ಟೇಪ್ ಒಳಗ ಇಡು. ಮೊದಲ ಹೊಲಾ ಒಂದು ಸುತ್ತು ಹಾಕೂಣು."

"ಅಳತಿ ಮಾಡಾಕ ಬಂದೀವಲ್ರಿ ಸರ್?"

"ನೋಡಲಾರದ ಅಳದ್ರ ಕಾಗದ ಅಳದಂಗ ಆಕ್ಕೈತಿ. ನಡಿ."

ನಡೆದೆವು. ಬದುವಿನ ಮೇಲೆ ನಿಧಾನವಾಗಿ, ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ನೋಡುತ್ತ. ಕಿವಿಯ ಮೇಲೆ ಪೆನ್ಸಿಲ್, ಹೆಗಲ ಮೇಲೆ ಟಾವೆಲ್, ಚೀಲದಲ್ಲಿ ರೊಟ್ಟಿ ಮತ್ತು ಶೇಂಗಾ ಚಟ್ನಿ. ಸುತ್ತು ಮುಗಿಯುವಷ್ಟರಲ್ಲಿ ಯಾವ ಮೂಲೆಯಲ್ಲಿ ತಂಟೆ ಇದೆ ಎಂದು ಅವರಿಗೆ ಗೊತ್ತಾಗಿರುತ್ತಿತ್ತು. ನನಗೆ ಅದು ಗೊತ್ತಾಗಲು ನಾಲ್ಕು ವರ್ಷ ಹಿಡಿಯಿತು. ಇವತ್ತು ಕೈಗೆ ಹೊಸ ಯಂತ್ರ ಬಂದಿದೆ, ಆಕಾಶದಿಂದಲೇ ಅಳೆಯುತ್ತದೆ. ಆದರೂ ನಾನು ಮೊದಲು ಒಂದು ಸುತ್ತು ಹಾಕದೆ ಅದನ್ನು ಚೀಲದಿಂದ ತೆಗೆಯುವುದಿಲ್ಲ.

ಅವರ ದೇವರು ಬಾಂದಗಲ್ಲು. ಹೊಲದ ಮೂಲೆಯಲ್ಲಿ ಗಡಿಗಾಗಿ ಹುಗಿದ ಕಲ್ಲಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಎರೆಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿದು, ವರ್ಷಾನುಗಟ್ಟಲೆ ಒಳಗೊಳಗೇ ಕಲ್ಲನ್ನು ನುಂಗುತ್ತದೆ. ಅದನ್ನು ಹುಡುಕಿ ಮೇಲೆ ತೆಗೆಯುವಾಗ ಸಾಹೇಬರ ಮುಖ ಹೆರಿಗೆ ಕೋಣೆಯ ಹೊರಗೆ ನಿಂತವರ ಮುಖದಂತೆ ಇರುತ್ತಿತ್ತು. ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಬೆಳ್ಳಟ್ಟಿಯಲ್ಲಿ ಒಮ್ಮೆ ಅರ್ಧ ದಿನ ಹುಡುಕಿದರೂ ಕಲ್ಲು ಸಿಗಲಿಲ್ಲ. ನೀರು ಕುಡಿಯಲೆಂದು ಹೊಲದವರ ಮನೆಗೆ ಹೋದೆವು. ಹಿತ್ತಲಲ್ಲಿ ಆ ಮನೆಯ ಸೊಸೆ ಬಟ್ಟೆ ಒಗೆಯುತ್ತಿದ್ದಳು. ಸಾಹೇಬರು ಅವಳು ಒಗೆಯುವ ಕಲ್ಲನ್ನೇ ನೋಡುತ್ತ ನಿಂತರು. ಕಲ್ಲಿನ ಒಂದು ತುದಿಯಲ್ಲಿ ಗಡಿಯ ಗುರುತು ಕೊರೆದದ್ದು ಸೋಪಿನ ನೊರೆಯ ನಡುವೆ ಕಾಣುತ್ತಿತ್ತು.

"ಯವ್ವಾ, ಅರಬಿ ಮುಗದ್ವೇನು? ಮುಗದ್ರ ನಮ್ಮ ಕಲ್ಲು ಕೊಡು."

"ಅಯ್ಯ, ನಿಮ್ಮದಂತ ನನಗೇನ್ ಗೊತ್ತರಿ. ಚಲೋ ಸಪಾಟ ಐತಿ ಅಂತ ನಮ್ಮ ಮಾವಾರು ತಂದಿದ್ರು."

ಸಿಟ್ಟಾಗುತ್ತಾರೆ ಎಂದುಕೊಂಡೆ. ಆಗಲಿಲ್ಲ. ಅವಳು ಉಳಿದ ನಾಲ್ಕು ಅಂಗಿ ಒಗೆದು ಮುಗಿಸುವ ತನಕ ಕಾದರು. ಆಮೇಲೆ ಕಲ್ಲನ್ನು ಚಕ್ಕಡಿಯಲ್ಲಿ ಹೇರಿಸಿ, ಹೊಲಕ್ಕೆ ಒಯ್ದು, ಅಳೆದು, ಇದ್ದ ಜಾಗದಲ್ಲೇ ನಿಲ್ಲಿಸಿ, ಅರಿಶಿಣ ಹಚ್ಚಿಸಿ ಕಾಯಿ ಒಡೆಸಿದರು. ಗಡಿಯ ಎರಡೂ ಕಡೆಯ ಹೊಲದವರನ್ನು ಕೂರಿಸಿ ಹೇಳಿದರು: "ಹೊಲಾ ಮಾರಬಹುದು, ಹಂಚ್ಕೋಬಹುದು, ಬೀಳ ಬಿಡಬಹುದು. ಕಲ್ಲು ಮಾತ್ರ ಇದ್ದಲ್ಲೆ ಇರಬೇಕು. ಅದನ್ನ ಸರಸಿದವ್ರ ಮನ್ಯಾಗ ನಿದ್ದಿ ಇರಂಗಿಲ್ಲ." ಈ ಮಾತನ್ನು ನಾನು ಅವರ ಬಾಯಲ್ಲಿ ಎಷ್ಟು ಊರಿನಲ್ಲಿ ಕೇಳಿದ್ದೇನೋ.

ಇಷ್ಟು ಹೇಳಿ ನಿಲ್ಲಿಸಿದರೆ ಅವರು ಫೋಟೋ ಹಾಕಿ ಊದಿನಕಡ್ಡಿ ಹಚ್ಚುವ ಮನುಷ್ಯರಾಗಿಬಿಡುತ್ತಾರೆ. ಹಾಗೇನಿಲ್ಲ. ಮಿರ್ಚಿ ಭಜಿ ಕಂಡರೆ ಬಸ್ಸು ಬಿಡುತ್ತಿದ್ದರು. ತಮ್ಮ ಅಕ್ಷರ ಚಂದ ಎಂಬ ಜಂಬ ವಿಪರೀತ ಇತ್ತು, ನಮ್ಮ ನಕಾಶೆ ನೋಡಿ 'ಕೋಳಿ ಕಾಲಿನಾಗ ಬರದಂಗ ಬರದೀ' ಎನ್ನುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ, ತಾವು ತಪ್ಪುವುದನ್ನು ಯಾರೂ ನೋಡಬಾರದು. ನೋಡಿದರೆ ಅದು ತಪ್ಪೇ ಅಲ್ಲವೆಂದು ನಿಂತ ಕಾಲಲ್ಲೇ ಸಾಧಿಸುತ್ತಿದ್ದರು.

ಯಳವತ್ತಿಯಲ್ಲಿ ಮಳೆ ಬಿದ್ದ ಮರುದಿನ ಬದುವಿನಿಂದ ಜಾರಿ ಕೆಸರಲ್ಲಿ ಕುಕ್ಕರಿಸಿದರು. ಕಾಗದದ ಚೀಲ ಮಾತ್ರ ತಲೆಯ ಮೇಲೆ ಎತ್ತಿ ಹಿಡಿದಿದ್ದರು. ರೈತರು ಎಬ್ಬಿಸಲು ಓಡಿದರೆ, "ತಡೀರಿ, ತೇವಾ ಎಷ್ಟು ಐತಿ ನೋಡಾಕತ್ತೀನಿ" ಅಂದರು. ಎರಡು ನಿಮಿಷ ಅಲ್ಲೇ ಕೂತು, ಮಣ್ಣು ಹಿಸುಕಿ, ಮೂಸಿ, ತಲೆಯಾಡಿಸಿದರು. ಹೊಲದವ ಪಾಪದವನು, ಕೈಮುಗಿದು, "ಬಿತ್ತಾಕ ಬರ್ತೈತೇನ್ರಿ ಸಾಹೇಬ್ರ?" ಎಂದು ಕೇಳಿದ. "ಇನ್ನ ಎರಡ ದಿವಸ ಬಿಡು" ಅಂದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವುದನ್ನು ನಾನು ಕಣ್ಣಾರೆ ಕಂಡದ್ದು ಆಗಲೇ.

ನಿವೃತ್ತರಾಗಿ ಬೆಟಗೇರಿಯ ಮನೆಯಲ್ಲಿ ಎರಡು ವರ್ಷ ಆರಾಮಾಗಿದ್ದರು. ಆಮೇಲೆ ಒಂದು ಬೆಳಿಗ್ಗೆ ಲಕ್ವಾ ಹೊಡೆಯಿತು. ಮಾತು ಮರಳಿತು, ಕಾಲು ಮರಳಿತು, ಬಲಗೈ ಮರಳಲಿಲ್ಲ. ಕೈ ಎತ್ತಬಲ್ಲರು, ಆದರೆ ಬೆರಳುಗಳು ಹೇಳಿದ ಮಾತು ಕೇಳವು. ಯಾರಾದರೂ ನೋಡಲು ಬಂದರೆ ಆ ಕೈಯ ಮೇಲೆ ಟಾವೆಲ್ ಎಳೆದುಕೊಂಡು ಕೂತುಬಿಡುತ್ತಿದ್ದರು. ಎಡಗೈಯಿಂದ ಉಣ್ಣುವುದನ್ನು ಯಾರೂ ನೋಡಬಾರದೆಂದು ಅಡುಗೆಮನೆಯ ಬಾಗಿಲು ಮುಂದಕ್ಕೆ ಮಾಡಿಕೊಂಡು, ಒಬ್ಬರೇ ಚಮಚೆ ಹಿಡಿದು ಉಣ್ಣುತ್ತಿದ್ದರು. ಅವರ ಹೆಂಡತಿಗೆ, ನಾವೆಲ್ಲ ಅಮ್ಮಾರು ಎನ್ನುವವರಿಗೆ, ಬಡಿಸಿ ಹೊರಗೆ ಬರುವಷ್ಟೇ ಅಪ್ಪಣೆ. ನಲವತ್ತು ವರ್ಷ ಜೊತೆಗೆ ಉಂಡ ಹೆಂಗಸು ಆ ಬಾಗಿಲ ಹೊರಗೆ ಕೂತಿರುತ್ತಿದ್ದರು.

ಡಾಕ್ಟರರು ಕಡ್ಡಿ ಮುರಿದಂತೆ ಹೇಳಿದ್ದರು: "ಈಗಿನ ಐದಾರು ತಿಂಗಳು ಭಾಳ ಮುಖ್ಯರಿ. ಬೆರಳು ದುಡಿಸಿದಷ್ಟು ಬರ್ತಾವು, ಬಿಟ್ರ ಹಿಂಗ ನಿಲ್ತಾವು." ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. 'ನಾ ಏನ್ ಕೂಸೇನು?' ಎಂದು ಸಾಹೇಬರು ಅದನ್ನು ಕಪಾಟಿನ ಮೇಲೆ ಇಟ್ಟರು. ಒಂದು ತಿಂಗಳು ಹೋಯಿತು.

ಇಲ್ಲಿ ನನ್ನ ಬಗ್ಗೆ ಒಂದು ಮಾತು. ನನಗೆ ವಿಡಿಯೋ ಗೇಮಿನ ಹುಚ್ಚು. ನಾಚಿಕೆ ಇಲ್ಲದೆ ಹೇಳುತ್ತೇನೆ, ನಮ್ಮ ಮನೆಯಲ್ಲಿ ಟಿವಿಗೆ ಆಟದ ಡಬ್ಬಿ ಹಚ್ಚಿ ಕೂರುವವಳು ನಾನು, ಧಾರಾವಾಹಿ ನೋಡಲು ಸರದಿ ಕಾಯುವವರು ನನ್ನ ಯಜಮಾನರು. ಅದರಲ್ಲೂ ಸಾಹಸದ ಆಟಗಳೆಂದರೆ ಪ್ರಾಣ. ನನ್ನ ಮೆಚ್ಚಿನ ಒಂದರಲ್ಲಿ ಕಂದೀಲು ಹಿಡಿದ ಒಬ್ಬ ವೀರ ಹಳೆಯ ಅರಮನೆಗಳ ನೆಲಮಾಳಿಗೆಗೆ ಇಳಿಯುತ್ತಾನೆ. ಒಳಗೆ ಕೋಣೆಯ ಮೇಲೆ ಕೋಣೆ, ಬಾಗಿಲಿಗೆಲ್ಲ ಬೀಗ. ಒಂದು ಕಡೆ ಕೀಲು ತಿರುಗಿಸಿದರೆ ಇನ್ನೊಂದು ಕಡೆ ನೀರು ಇಳಿಯುತ್ತದೆ, ಇಲ್ಲಿ ಕಲ್ಲು ಸರಿಸಿದರೆ ಅಲ್ಲಿ ಬಾಗಿಲು ತೆರೆಯುತ್ತದೆ. ಕತ್ತಿಗಿಂತ ತಲೆಗೆ ಕೆಲಸ ಜಾಸ್ತಿ. ಇದರ ಕಂಟ್ರೋಲರ್ ಹಿಡಿದರೆ ಎರಡೂ ಕೈಯ ಬೆರಳಿಗೆ ಕೆಲಸವಿದೆ ಎನ್ನುವುದು ಹೊಳೆದ ದಿನವೇ ನನ್ನ ಹಳೆಯ ಡಬ್ಬಿಯನ್ನು ಸ್ಕೂಟರಿನಲ್ಲಿ ಇಟ್ಟುಕೊಂಡು ಗದಗಿನ ನಮ್ಮ ಮನೆಯಿಂದ ಬೆಟಗೇರಿಗೆ ಹೋದೆ. ಭಾನುವಾರ.

ಸಾಹೇಬರು ಡಬ್ಬಿಯನ್ನು ತಕರಾರು ಅರ್ಜಿ ನೋಡಿದಂತೆ ನೋಡಿದರು.

"ಇದರಾಗ ಏನ್ ಮಾಡೂದೈತಿ?"

"ನೆಲಮಾಳಿಗಿ ಒಳಗ ಹೋಗೂದ್ರಿ ಸರ್. ಒಂದು ಖೋಲಿಯಿಂದ ಇನ್ನೊಂದು ಖೋಲಿಗೆ ದಾರಿ ಹುಡುಕೂದು."

"ನೆಲಮಾಳಿಗಿ ಯಾರದು?"

"ಹಳೇ ರಾಜಂದರಿ. ಸತ್ತಾನ."

"ವಾರಸುದಾರರು?"

"ಯಾರೂ ಇಲ್ರಿ."

"ಹಂಗಾರ ಸರ್ಕಾರದ್ದಾತು. ಪರವಾನಗಿ ಇಲ್ಲದ ಹ್ಯಾಂಗ ಒಳಗ ಹೋಗೂದು?"

ವಿಚಾರ ಮಾಡಿ ಹೇಳುತ್ತೇನೆ ಎಂದರು. ಮುಂದಿನ ಭಾನುವಾರ ಹೊಸ ಆಕ್ಷೇಪಣೆ: ಕೈಯಲ್ಲಿ ಕತ್ತಿ ಯಾಕೆ, ನಾನು ಸರ್ವೇದವ, ಪೊಲೀಸಲ್ಲ. ಅದರ ಮುಂದಿನ ಭಾನುವಾರ: ಓಣಿಯ ಮಂದಿ ಏನಂದಾರು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಸೋತ್ರ ಏನಾಕ್ಕೈತಿ?" ಎಂದು ಕೇಳಿದರು. ಮತ್ತೆ ಮೊದಲಿನಿಂದ ಶುರುಮಾಡಬೇಕು, ಅಷ್ಟೇ ಎಂದೆ. "ಸೋತದ್ದು ಯಾರಿಗರ ಕಾಣತೈತೇನು?" ಎಂದರು. ನಾನು ನಕ್ಕುಬಿಟ್ಟೆ. ಆ ಪ್ರಶ್ನೆಯನ್ನು ನಾನು ಇನ್ನೊಂದು ಸಲ ಯೋಚಿಸಬೇಕಿತ್ತು.

ಇವರು ಒಪ್ಪುವುದಿಲ್ಲ ಬಿಡ್ರಿ ಎಂದು ಅಮ್ಮಾರ ಹತ್ತಿರ ಗೊಣಗಿದೆ. ಅವರು ಮೆಂತ್ಯೆ ಸೊಪ್ಪು ಬಿಡಿಸುತ್ತ, "ಒಲ್ಲೆ ಅನ್ನಾಕ ಅವರಿಗೆ ಇಷ್ಟು ದಿವಸ ಬೇಕಾಗಂಗಿಲ್ಲವಾ. ಹೂಂ ಅನ್ನಾಕ ತಯಾರಾಗಾಕತ್ಯಾರ" ಅಂದರು. ನಲವತ್ತು ವರ್ಷದ ಅನುಭವದ ಮುಂದೆ ನನ್ನದೇನು ನಡೆಯುತ್ತದೆ. ನಾಲ್ಕನೆಯ ಭಾನುವಾರ ಸಾಹೇಬರು ಹೂಂ ಅಂದರು. ಒಂದು ಷರತ್ತು: "ಕತ್ತಿ ಮುಟ್ಟಂಗಿಲ್ಲ. ಬರೇ ಸ್ಥಳ ನೋಡಿ ಬರ್ತೀನಿ."

ಅವರು ಆಡಿದ್ದನ್ನು ನೋಡಬೇಕಿತ್ತು. ಬೇರೆಯವರು ಬಾಗಿಲಿನ ಕಡೆ ಓಡುತ್ತಾರೆ, ಇವರು ಪ್ರತಿ ಕೋಣೆಯಲ್ಲೂ ಮೊದಲು ಗೋಡೆಗುಂಟ ಒಂದು ಸುತ್ತು. ಚೌಕಳಿ ಕಾಗದ ತರಿಸಿ, ಎಡಗೈಯಲ್ಲೇ ನಕಾಶೆ ಎಳೆದರು. ಸೊಟ್ಟ ಗೆರೆಗಳನ್ನು ನಾನು ನೋಡಿದ್ದು ಕಂಡು 'ಇದು ಕಚ್ಚಾ' ಎಂದರು. ಆಟದಲ್ಲಿ ಮಡಕೆ ಒಡೆದರೆ ಒಳಗೆ ಎಣ್ಣೆ, ಬಾಣ ಸಿಗುತ್ತವೆ. ಮಂದಿಯ ಮಡಕೆ ಯಾಕೆ ಒಡೆಯಬೇಕು ಎಂದು ಒಂದನ್ನೂ ಮುಟ್ಟಲಿಲ್ಲ. ಆದರೂ ಎರಡು ನೆಲಮಾಳಿಗೆ ದಾಟಿದರು, ನನಗಿಂತ ಕಡಿಮೆ ಹೊತ್ತಿನಲ್ಲಿ. ವೀರ ಹಾರಲು ಒಂದು ಬಟನ್ನನ್ನು ಬಲ ಹೆಬ್ಬೆರಳಿನಿಂದ ಒತ್ತಬೇಕಿತ್ತು. ನಾಲ್ಕಾರು ದಿನಕ್ಕೆ ಆ ಹೆಬ್ಬೆರಳು ಚೂರು ಮಾತು ಕೇಳತೊಡಗಿತು. ಗೆದ್ದೆ ಎಂದುಕೊಂಡೆ.

ಮೂರನೆಯ ನೆಲಮಾಳಿಗೆಯಲ್ಲಿ ಕಲ್ಲಿನ ಕೋಣೆ ಬಂತು. ಒಂದು ಇಳಿಜಾರು, ಅದರ ಕೆಳಗೆ ಚೌಕ ಕಲ್ಲು, ಹಿಂದೆ ದೊಡ್ಡ ಗುಂಡಿ. ಕಲ್ಲನ್ನು ಮೇಲಕ್ಕೆ ತಳ್ಳಿ ನಿಲ್ಲಿಸಿದರೆ ಬಾಗಿಲು ತೆರೆಯುತ್ತದೆ. ನಡುವೆ ಕೈಬಿಟ್ಟರೆ ಕಲ್ಲು ಉರುಳಿ ಬಂದು ನಮ್ಮನ್ನು ಗುಂಡಿಗೆ ಕೆಡವುತ್ತದೆ. ಕಲ್ಲು ಹಿಡಿದುಕೊಳ್ಳಲು ಕಂಟ್ರೋಲರಿನ ಬಲಗಡೆ ಮೇಲಿರುವ ಬಟನ್ನನ್ನು ತೋರುಬೆರಳಿನಿಂದ ಒತ್ತಿ ಹಿಡಿಯಬೇಕು ಎಂದು ತೋರಿಸಿಕೊಟ್ಟೆ. ಸಾಹೇಬರು ಬಹಳ ಹೊತ್ತು ನೋಡಿದರು. ಆಮೇಲೆ ಕಂಟ್ರೋಲರ್ ಕೆಳಗಿಟ್ಟರು.

"ಇದು ಆಗಂಗಿಲ್ಲ. ನಾ ಕಲ್ಲು ಸರಸಂಗಿಲ್ಲ."

"ಸರ್, ಇದು ಬಾಂದಗಲ್ಲಲ್ರಿ. ಆಟದ್ದು."

"ಆಟ ಆದ್ರೇನಾತು? ಮೂವತ್ತಾರು ವರ್ಷ ಮಂದಿಗೆ ಬ್ಯಾಡ ಬ್ಯಾಡ ಅಂತ ಹೇಳಿ, ಈಗ ಮನ್ಯಾಗ ಕುಂತು ನಾನ ಸರಸ್ಲೇನು?"

ನನಗೆ ನಗು ತಡೆಯಲಾಗಲಿಲ್ಲ. ಮರುದಿನ ಕಚೇರಿಯಲ್ಲಿ ಅಭಿನಯ ಸಮೇತ ಹೇಳಿದೆ, ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಕಥೆ ಲಕ್ಷ್ಮೇಶ್ವರಕ್ಕೆ ಹೋಯಿತು, ಮುಂಡರಗಿಗೆ ಹೋಯಿತು. ಗದಗಿಗೆ ಮುಟ್ಟುವಷ್ಟರಲ್ಲಿ ಸಾಹೇಬರು ಸತ್ತ ರಾಜನಿಗೆ ನೋಟಿಸನ್ನೂ ಕಳಿಸಿದ್ದರು. ಹಳೆಯ ಸಹೋದ್ಯೋಗಿಗಳು ಫೋನ್ ಮಾಡಿ ಶಹಬ್ಬಾಸ್ ಅಂದರು. ಸಾಹೇಬರು ಖುಷಿಯಿಂದ ಎಲ್ಲರಿಗೂ ಅದನ್ನೇ ಇನ್ನಷ್ಟು ಬಣ್ಣ ಹಚ್ಚಿ ಹೇಳುತ್ತಿದ್ದರು. ಆಟ ಮಾತ್ರ ಆ ಕೋಣೆಯಲ್ಲೇ ನಿಂತಿತ್ತು, ಡಾಕ್ಟರರು ಹೇಳಿದ ತಿಂಗಳುಗಳಲ್ಲಿ ಇನ್ನೊಂದು ಹೋಗಿತ್ತು.

ಒಂದು ಭಾನುವಾರ ಸಂಜೆಗೆ ಹೋಗುವವಳು ಮಧ್ಯಾಹ್ನವೇ ಹೋದೆ. ಅಮ್ಮಾರು ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದರು. ಓಣಿಗೆ ತೆರೆದ ಕಿಟಕಿಯಿಂದ ಕಲ್ಲು ಉಜ್ಜುವ ಸದ್ದು ಕೇಳಿತು, ಆಮೇಲೆ ಯಾರೋ ಬಿದ್ದ ಸದ್ದು. ಆ ಕೋಣೆಯ ಸದ್ದು ನನಗೆ ಚೆನ್ನಾಗಿ ಗೊತ್ತು. ಇಣುಕಿ ನೋಡಿದೆ.

ಸಾಹೇಬರು ಕಲ್ಲು ತಳ್ಳುತ್ತಿದ್ದರು. ಕಂಟ್ರೋಲರನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಎಡಗೈಯಿಂದ ಬಲಗೈಯ ತೋರುಬೆರಳನ್ನು ಎತ್ತಿ ಬಟನ್ನಿನ ಮೇಲೆ ಇಡುತ್ತಿದ್ದರು. ಎಡಗೈ ತಳ್ಳಲು ಹೋದ ಕೂಡಲೆ ಬೆರಳು ಜಾರುತ್ತಿತ್ತು. ಕಲ್ಲು ಉರುಳುತ್ತಿತ್ತು, ವೀರ ಗುಂಡಿಗೆ ಬೀಳುತ್ತಿದ್ದ. ಮತ್ತೆ ಬೆರಳು ಎತ್ತಿ ಇಡುವುದು, ಮತ್ತೆ ಬೀಳುವುದು. ಐದಾರು ಸಲ ಆದಮೇಲೆ ಆ ಬಲಗೈಯನ್ನು ಎಡಗೈಯಿಂದ ರಪ್ಪನೆ ಹೊಡೆದರು. ಮಕ್ಕಳಿಗೆ ಹೊಡೆಯುವ ಹಾಗೆ.

ಆಗ ನನಗೆ ಎಲ್ಲ ತಿಳಿಯಿತು. ಬಾಂದಗಲ್ಲಿನ ಮೇಲೆ ಅವರಿಗಿದ್ದ ಭಕ್ತಿ ಸುಳ್ಳಲ್ಲ. ಆದರೆ ಈ ಕೋಣೆಯಲ್ಲಿ ಅದೊಂದು ನೆವ. ಮೂರು ತಾಲೂಕಿಗೆ ನಾನು ನಕ್ಕು ಹಂಚಿದ ಕಥೆ ಅವರ ಕೈ ಮೇಲಿನ ಟಾವೆಲ್ ಆಗಿತ್ತು. ಅದನ್ನು ಹೊದಿಸಿದವಳು ನಾನು, ನಾನೇ ಒಂದು ತಿಂಗಳು ಹಾಳು ಮಾಡಿದ್ದೆ. ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಇವತ್ತಿನವರೆಗೆ ಯಾರ ಮೇಲೂ ಬಂದಿಲ್ಲ.

ಸದ್ದಿಲ್ಲದೆ ಹಿಂದೆ ಹೋಗಬಹುದಿತ್ತು. ಬೇರೆಯವರಾಗಿದ್ದರೆ ಹಾಗೇ ಮಾಡುತ್ತಿದ್ದರೇನೋ. ನಾನು ಬಾಗಿಲು ತಳ್ಳಿ ಒಳಗೆ ಹೋದೆ. ಸಾಹೇಬರು ಬೆಚ್ಚಿದರು, ಕೂಡಲೆ ಸಾವರಿಸಿಕೊಂಡರು.

"ಬಾ ತಂಗಿ. ಇಳಿಜಾರು ಎಷ್ಟು ಐತಿ ನೋಡಾಕತ್ತಿದ್ದೆ."

"ಸಾಕ್ರಿ ಸರ್. ನಾ ಆಗಳೇ ಬಂದೀನಿ, ಕಿಟಕ್ಯಾಗಿಂದ ನೋಡೀನಿ."

ಅವರ ಮುಖ ಇಳಿಯಿತು. ನನ್ನ ಕಡೆ ನೋಡದೆ ಹೇಳಿದರು: "ತತ್ವಾ ನೋಡಿ ನಗ್ತಾರಂದ್ರ ನಗಲಿ, ತಂಗಿ. ಕೈ ನೋಡಿ ಅಯ್ಯೋ ಪಾಪ ಅಂದ್ರ ನನ್ನ ಕೈಲೆ ತಡಕೊಳಾಕ ಆಗಂಗಿಲ್ಲ."

ನಾನು ಅಯ್ಯೋ ಅನ್ನಲಿಲ್ಲ. ಅವರ ಕೈಯಿಂದ ಕಂಟ್ರೋಲರ್ ತೆಗೆದುಕೊಂಡು, ಪಕ್ಕದಲ್ಲಿ ಕೂತು, ಆ ನೆಲಮಾಳಿಗೆಯ ಕೊನೆಗಿರುವ ಕಷ್ಟದ ಕೋಣೆಯನ್ನು ನಾನು ಮೊದಲೇ ಆಡಿ ಉಳಿಸಿಟ್ಟ ಆಟದಲ್ಲಿ ತೆರೆದೆ. ಆಡಿದೆ. ಬಿದ್ದೆ. ಮತ್ತೆ ಆಡಿದೆ, ಬೆಂಕಿಗೆ ಸಿಕ್ಕೆ. ಮತ್ತೆ ಆಡಿದೆ, ಈ ಸಲ ನೀರು. ಒಂದನ್ನೂ ಬೇಕೆಂದು ಮಾಡಲಿಲ್ಲ. ಆ ಕೋಣೆ ನನಗೆ ಇವತ್ತಿಗೂ ಕಷ್ಟವೇ.

"ನನ್ನ ಎರಡೂ ಕೈ ನೆಟ್ಟಗ ಅದಾವ್ರಿ ಸರ್. ಇಲ್ಲೆ ಎಷ್ಟು ಸಲ ಸತ್ತೀನಿ ಅನ್ನೂದು ನನಗ ಗೊತ್ತಿಲ್ಲ. ಬೀಳಲಾರದ ಈ ಆಟ ಆಡಿದವ್ರು ಯಾರೂ ಇಲ್ಲ. ನೀವು ಬಿದ್ದದ್ದು ಕೈಯಿಂದ ಅಲ್ಲ, ಆಟಕ್ಕ ಇಳದೀರಿ ಅದಕ್ಕ."

"ಮತ್ತ ಬೆಂಕ್ಯಾಗ ಯಾಕ ಹೋದಿ? ಮೊದಲ ಒಂದು ಸುತ್ತು ಹಾಕಬಾರದ?" ಎಂದು ಗದರಿದರು. ಗದರಿದರಲ್ಲ, ನನಗೆ ಜೀವ ಬಂತು.

ಮುಂದೆ ಏನಾಯಿತು ಎಂದು ಈಗಲೇ ಹೇಳಿಬಿಡುತ್ತೇನೆ, ಕಾಯಿಸುವುದು ನನ್ನ ಸ್ವಭಾವವಲ್ಲ. ಆ ಕೈ ಪೂರ್ತಿ ಬರಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟು, ರೊಟ್ಟಿ ಮುರಿಯುವಷ್ಟು ಬಂತು. ಆ ಚಂದದ ಅಕ್ಷರ ಬರಲೇ ಇಲ್ಲ. ಕಲ್ಲು ಮೇಲೇರಿದ್ದು ಇನ್ನೂ ಐದು ವಾರಗಳ ನಂತರ. ಅಡುಗೆಮನೆಯ ಬಾಗಿಲು ತೆರೆದದ್ದು ಅದಕ್ಕೂ ಮೊದಲು. ಅದು ಶುರುವಾದದ್ದು ಆ ಮಧ್ಯಾಹ್ನವೇ.

ಸಾಹೇಬರು ಕಂಟ್ರೋಲರ್ ಇಸಿದುಕೊಂಡು ಮತ್ತೆ ತಮ್ಮ ಕಲ್ಲಿನ ಕೋಣೆ ತೆರೆಸಿದರು. ಬೆರಳನ್ನು ಎತ್ತಿ ಬಟನ್ನಿನ ಮೇಲೆ ಇಟ್ಟುಕೊಳ್ಳುತ್ತಿರುವಾಗ ಅಮ್ಮಾರು ಮಾಳಿಗೆಯಿಂದ ಇಳಿದು ಬಂದರು. ಕೈಯೆಲ್ಲ ಸಂಡಿಗೆಯ ಹಿಟ್ಟು. ಸಾಹೇಬರ ಬಲಗೈ ಟಾವೆಲ್ ಇಲ್ಲದೆ ಬೆಳಕಿನಲ್ಲಿ ಹಾಗೇ ಇರುವುದನ್ನು ಕಂಡು, ನೋಡಬಾರದ್ದನ್ನು ನೋಡಿದವರಂತೆ ಬಾಗಿಲಲ್ಲೇ ನಿಂತುಬಿಟ್ಟರು. ತಿರುಗಿ ಹೋಗಲು ಒಂದು ಹೆಜ್ಜೆಯನ್ನೂ ಎತ್ತಿದ್ದರು.

ಸಾಹೇಬರು ಕೈ ಮುಚ್ಚಿಕೊಳ್ಳಲಿಲ್ಲ.

"ಎಲ್ಲಿ ಹೊಂಟಿ? ಬಾ, ಇಲ್ಲೆ ಕುಂಡ್ರು. ನಾ ಬೀಳೂದು ನೋಡು."

ಅಮ್ಮಾರು ಬಂದು ಅವರ ಬಲಕ್ಕೆ ಕೂತರು. ಸಾಹೇಬರು ಕಲ್ಲು ಹಿಡಿದರು, ಎರಡು ಹೆಜ್ಜೆ ಮೇಲಕ್ಕೆ ತಳ್ಳಿದರು, ಬಿದ್ದರು.